ಗೋಡೆಯೊಳಗಿನ ಜಲಪಾತ

ಇದು ೧೯೮೪ರಲ್ಲಿ, ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಡೆದದ್ದು. ವೆನೆಜುವೆಲಾದಿಂದ ಆಗಷ್ಟೇ ಹಿಂದಿರುಗಿದ್ದ ನಮ್ಮ ಯಜಮಾನರು ದ್ವಾರಕಾನಾಥ್, ಭಾನುವಾರ ಮಧ್ಯಾಹ್ನ ಕಿಟಕಿಯ ಪರದೆ ಎಳೆದು, ಗೋಡೆಯ ಮೇಲೆ ಪ್ರವಾಸದ ಸ್ಲೈಡುಗಳನ್ನು ತೋರಿಸುತ್ತಿದ್ದರು. ಏಂಜೆಲ್ ಜಲಪಾತ ಬಂತು.

"ಇದರ ಕೆಳಗಿನ ಹೊಳೇಲೇ ನಮ್ಮ ದೋಣಿ ಮಗುಚಿದ್ದು. ಹೇಗೋ ಬದುಕಿ ಬಂದೆ," ಎಂದರು.

ಮಗಳು ಮೈಥಿಲಿ ಎದ್ದುಹೋಗಿ ಗೋಡೆಗೆ ಕಿವಿಯಿಟ್ಟಳು. "ಮಾಮ್, ಅಪ್ಪ ಈಸ್ ಕಾಲಿಂಗ್ ಯೂ."

"ಅಪ್ಪ ಇಲ್ಲೇ ಕೂತಿದ್ದಾರಲ್ಲೇ!" ಎಂದು ನಗುತ್ತಾ ನಾನೂ ಕಿವಿಯಿಟ್ಟೆ. ಗೋಡೆ ಕೊರೆಯುವಷ್ಟು ತಣ್ಣಗಿತ್ತು. ಒಳಗೆ ನೀರು ಭೋರ್ಗರೆಯುತ್ತಿತ್ತು. ಅದರ ನಡುವೆ ಅವರದೇ ದನಿ: "ನಿರೂ, ಕೈ ಕೊಡೇ!"

ಬೆನ್ನ ಹಿಂದೆ ಪ್ರೊಜೆಕ್ಟರು ಆರಿತು. ತಿರುಗಿ ನೋಡಿದರೆ, ಅವರು ತಲೆಯೆತ್ತದೆ ಸ್ಲೈಡುಗಳನ್ನು ಡಬ್ಬಿಗೆ ತುಂಬುತ್ತಿದ್ದರು.

ನಮಗೇನು ಕೇಳಿಸಿತೆಂದು ಅವರು ಇವತ್ತಿನವರೆಗೂ ಕೇಳಿಲ್ಲ.