ಮೂರನೇ ಹಾಡಿಗೆ ಮುಂಚಿನ ಕಾಯಿ

"ನನ್ನ ಹೆಂಡ್ತಿ ಸುಳ್ಳು ಹೇಳ್ತಾವ್ಳೆ ಕಣಮ್ಮ," ಎಂದರು ಶಂಭುಲಿಂಗಯ್ಯ.

ಬಾಲರಾಜು ಕುಡಿಯುತ್ತಿದ್ದ ಕಾಫಿ ಲೋಟವನ್ನು ಕೆಳಗಿಟ್ಟ. ತಿಪಟೂರಿನ ಈ ಕೊಬ್ಬರಿ ವ್ಯಾಪಾರಿಯ ಹೆಂಡತಿ ಸರ್ವಮಂಗಳ ತೀರಿಕೊಂಡು ವರ್ಷಗಳೇ ಆಗಿದ್ದವು. ಅವನು ಶಾಂತಕುಮಾರಿಯ ಮುಖ ನೋಡಿದ. ಅವಳು ಕೆಲಸದಲ್ಲಿದ್ದಾಗ ಅವಳ ಜೀಪು ಓಡಿಸಿದವನು ಅವನೇ. ಈಗ ಇನ್‌ಸ್ಪೆಕ್ಟರ್ ಗಿರಿಯಿಂದ ನಿವೃತ್ತಳಾಗಿ ಹೊನ್ನವಳ್ಳಿಯಲ್ಲಿ ನೆಲೆಸಿದ್ದರೂ, ಊರವರು ತಮ್ಮ ಒಗಟುಗಳನ್ನು ಅವಳ ಜಗಲಿಗೇ ತರುತ್ತಿದ್ದರು. ಅವಳ ಹುಬ್ಬು ಕೂಡ ಅಲ್ಲಾಡಲಿಲ್ಲ.

"ಎಲ್ಲಿ ಹೇಳ್ತಾರೆ?"

"ಸಿ.ಡಿ.ಯಲ್ಲಿ. ಮೂರನೇ ಹಾಡಿಗೆ ಮುಂಚೆ."

ವಿಷಯ ಹೀಗಿತ್ತು. ಶಂಭುಲಿಂಗಯ್ಯನವರಿಗೆ ಹೈ-ಫೈ ಹುಚ್ಚು. ನೀರಿಂಗಿ ಕೊಬ್ಬರಿಯಾಗುವ ತನಕ ಕಾಯಿ ಇಡುವ ಅಟ್ಟದ ಕೆಳಗಿನ ಕೋಣೆಯಲ್ಲಿ ಒಳ್ಳೆಯ ಪ್ಲೇಯರ್, ಆಂಪ್ಲಿಫೈಯರ್, ಆಳೆತ್ತರದ ಸ್ಪೀಕರ್‌ಗಳು. ಭಾನುವಾರ ಕೇಳುಗರು ಸೇರುತ್ತಾರೆ. ಹೊಸ ಉಪಕರಣ ಬಂದರೆ ಪರೀಕ್ಷೆ ನಡೆಯುತ್ತದೆ. ವೀಣೆಯದೊಂದು ಆಲ್ಬಂ, ಮೃದಂಗದ್ದೊಂದು, ಕೊನೆಗೆ ಸರ್ವಮಂಗಳ ಹಾಡಿದ್ದು. ಆ ಕೊನೆಯದನ್ನು ಅದೇ ಕೋಣೆಯಲ್ಲಿ ಎರಡು ಒಳ್ಳೆಯ ಮೈಕ್ ಇಟ್ಟು ಅವರೇ ಮುದ್ರಿಸಿದ್ದರು. ಇದ್ದದ್ದು ಒಂದೇ ಪ್ರತಿ.

"ಅಂಗಡೀಲಿ ಎಂತೆಂಥಾ ಆಲ್ಬಂ ಸಿಗ್ತಾವೆ. ಇದೇ ಯಾಕೆ?" ಎಂದು ಬಾಲರಾಜು ಕೇಳಿದ.

"ಅಂಗಡಿ ಆಲ್ಬಂನಲ್ಲಿರೋ ವೀಣೆ ನಿಜಕ್ಕೂ ಹೆಂಗಿತ್ತು ಅಂತ ನಿಂಗೊತ್ತಾ? ನಂಗೂ ಗೊತ್ತಿಲ್ಲ. ಚೆನ್ನಾಗೈತೆ ಅನ್ಬೋದು, ಅಷ್ಟೇ. ಪರೀಕ್ಷೆಗೆ ನಿಜದ ದನಿ ಗೊತ್ತಿರೋದೇ ಬೇಕು. ಮೂರನೇ ಹಾಡಿಗೆ ಮುಂಚೆ ಅವಳು ಒಂದು ಕಾಯಿ ಎಡಗಿವಿ ಹತ್ರ ಅಲ್ಲಾಡ್ಸಿ, 'ಇನ್ನೂ ನೀರೈತೆ ಕಣ್ರೀ, ಇಳಿಸ್ಬೇಡಿ' ಅಂತ ನಗ್ತಾಳೆ. ಕಾಯಿ ನಮ್ಮ ತೋಟದ್ದು, ನಗು ನಮ್ಮನೇದು. ಅದು ಸರಿಯಾಗಿ ಕೇಳಿಸಿದ್ರೆ ಸ್ಪೀಕರ್ ಪಾಸು."

ಹೋದ ಭಾನುವಾರ ಚಿಕ್ಕನಾಯಕನಹಳ್ಳಿಯ ಸಿದ್ದಾರ್ಥ್ ಎಂಬ ವ್ಯಾಪಾರಿ ಮಾರಲು ಹೊಸ ಸ್ಪೀಕರ್ ತಂದಿದ್ದ. ಆ ಜಾಗ ಬಂದಾಗ ಶಂಭುಲಿಂಗಯ್ಯನವರಿಗೆ ಏನೋ ಕೆಟ್ಟಂತೆ ಅನಿಸಿತು. ಅವಳದೇ ದನಿ, ಅವಳದೇ ಮಾತು, ಆದರೆ ಮಾತು ನಿಜವಲ್ಲ. ಉಳಿದವರು ನಕ್ಕರು. ಕಿವಿ ತೋರಿಸಿಕೋ ಎಂದರು.

"ನನ್ನ ಕಿವಿ ಹೋಗಿದ್ರೆ ಹೋಗ್ಲಿ," ಎಂದರು ಅವರು. "ಆದ್ರೆ ಅವಳ ದನಿ ನಂಗೆ ಮರೀತಾ ಬಂದೈತೆ ಅನ್ನೋದಾದ್ರೆ, ಆ ಕೋಣೆಗೆ ಬೀಗ ಹಾಕ್ಬುಡ್ತೀನಿ."

ಮಧ್ಯಾಹ್ನವೇ ಇಬ್ಬರೂ ತಿಪಟೂರಿಗೆ ಹೋದರು. ಶಾಂತಕುಮಾರಿ ಮೊದಲು ಹಳೆಯ ಸ್ಪೀಕರ್‌ನಲ್ಲಿ ಕೇಳಿದಳು, ಆಮೇಲೆ ಹೆಡ್‌ಫೋನ್‌ನಲ್ಲಿ. ಬಾಲರಾಜುವಿಗೂ ಕೇಳಿಸಿದಳು. ಗುಡುಗುಡು ಎಂದು ಕಾಯಿ, ನಡುತಲೆಯಲ್ಲಿ ಅಲ್ಲಾಡಿದಂತೆ. ಅದರ ಅಡಿಯಲ್ಲಿ ಏನೋ ಒಂದು ಮಂದ ಗುರ್ರೆನ್ನುವ ಸದ್ದು. ಮಾತು ಶುರುವಾದೊಡನೆ ಗುರ್ರೆನ್ನುವುದು ನಿಂತಿತು. ಹೆಂಗಸಿನ ಆ ನಗು ಎಡಗಡೆಯಿಂದ ಎಷ್ಟು ಹತ್ತಿರ ಬಂತೆಂದರೆ ಅವನು ತಿರುಗಿ ನೋಡಿದ. ಅಲ್ಲಿ ಖಾಲಿ ಕುರ್ಚಿಯಿತ್ತು.

"ಡಿಸ್ಕ್ ಮೇಲೆ ಏನೂ ಬರೆದಿಲ್ಲವಲ್ಲ?" ಎಂದಳು ಶಾಂತಕುಮಾರಿ.

"ಬರಹ ಎಲ್ಲಾ ಕವರ್ ಮೇಲೆ," ಎಂದಳು ಶಂಭುಲಿಂಗಯ್ಯನವರ ತಮ್ಮನ ಮಗಳು ಲಿಖಿತಾ. ಆ ಮನೆಯಲ್ಲೇ ಇದ್ದು ಕಾಲೇಜಿನಲ್ಲಿ ಪಾಠ ಹೇಳುವವಳು. "ಒಂದು ಕಾಪಿ ಮಾಡಿಡೋಣ ಅಂತ ನಾನು ಎಷ್ಟು ಸಲ ಹೇಳಿದೆ! ದೊಡ್ಡಪ್ಪ ಬಿಡಲಿಲ್ಲ. ಮಹಾಂತೇಶಣ್ಣ ಕೇಳಿದಾಗ್ಲೂ ಬಿಡಲಿಲ್ಲ."

ಮಹಾಂತೇಶ್ ಕಿಬ್ಬನಹಳ್ಳಿಯ ಕೊಬ್ಬರಿ ದಲ್ಲಾಳಿ, ಭಾನುವಾರದ ಖಾಯಂ ಕೇಳುಗ. ಆ ಧ್ವನಿಮುದ್ರಿಕೆಯಲ್ಲಿ ಹಾರ್ಮೋನಿಯಂ ನುಡಿಸಿದವನು.

ಶಾಂತಕುಮಾರಿ ಏಣಿ ಹತ್ತಿ ಅಟ್ಟ ನೋಡಿದಳು. ಹಳೆಯದೆಲ್ಲ ಮಾರಾಟವಾಗಿ ಹೊಸ ಕಾಯಿ ತುಂಬಿತ್ತು. ಕಂಡಕಂಡಲ್ಲಿ ಒಂದೊಂದನ್ನು ಎತ್ತಿ ಅಲ್ಲಾಡಿಸಿದಳು. ಗುಳುಕ್, ಗುಳುಕ್.

ಮಾರನೆಯ ದಿನ ಅವಳ ಮಾತಿನಂತೆ ಬಾಲರಾಜು ಬೈಕ್ ಹತ್ತಿದ. ಚಿಕ್ಕನಾಯಕನಹಳ್ಳಿಯಲ್ಲಿ ಸಿದ್ದಾರ್ಥನ ಅಂಗಡಿ ಓಣಿಯ ತುದಿಯಲ್ಲಿತ್ತು. ಕುರಿಮಂದೆ ಹೋದರೆ ಗದ್ದಲ, ಇಲ್ಲವಾದರೆ ನಿಶ್ಶಬ್ದ. ಕಿಬ್ಬನಹಳ್ಳಿಯಲ್ಲಿ ಮಹಾಂತೇಶನ ಗೋದಾಮು ಹೆದ್ದಾರಿಗೇ ಅಂಟಿಕೊಂಡಿತ್ತು. ಒಣಗಿದ ಕಾಯಿ ಕೊಂಡು ತಂದು, ಅಲ್ಲಿ ಸುಲಿಸಿ, ಕರಟ ಒಡೆಸುತ್ತಿದ್ದರು. ಗೇರ್ ಬದಲಿಸುವ ಲಾರಿಗಳ ಸದ್ದಿಗೆ ಮಹಾಂತೇಶ್ ಹೇಳಿದ ಅರ್ಧ ಮಾತು ಕೇಳಿಸಲಿಲ್ಲ. ಶಾಂತಕುಮಾರಿ ಹೇಳಿದ್ದಂತೆ ಅಲ್ಲಿಂದ ಒಂದು ಕಾಯಿ ಕೇಳಿ ತಂದ.

ಭಾನುವಾರ ಎಲ್ಲರೂ ಅಟ್ಟದ ಕೆಳಗೆ ಸೇರಿದರು.

"ನನ್ನ ಸ್ಪೀಕರ್ ಮೇಲೆ ಅನುಮಾನನಾ ಮೇಡಂ?" ಎಂದ ಸಿದ್ದಾರ್ಥ್. "ಬೇಕಾದ್ರೆ ವಾಪಸ್ ತಗೊಂಡು ಹೋಗ್ತೀನಿ ಕಣ್ರೀ, ಕಳ್ಳ ಅನ್ಬೇಡಿ."

"ಹಳೇ ಸ್ಪೀಕರಲ್ಲೂ ತಪ್ಪು ಹಂಗೇ ಇತ್ತು. ಆದ್ದರಿಂದ ತಪ್ಪಿರೋದು ಡಿಸ್ಕಲ್ಲಿ," ಎಂದಳು ಶಾಂತಕುಮಾರಿ. "ಶಂಭುಲಿಂಗಯ್ಯನೋರ ಕಿವಿ ಸರಿಯಾಗೇ ಐತೆ. ಕೇಳಿ."

ಆ ಜಾಗವನ್ನು ಹಾಕಿದಳು. ಗುಡುಗುಡು. *ಇನ್ನೂ ನೀರೈತೆ ಕಣ್ರೀ, ಇಳಿಸ್ಬೇಡಿ.*

ಅಟ್ಟದಿಂದ ತಂದ ಕಾಯಿ ಎತ್ತಿ ಅಲ್ಲಾಡಿಸಿದಳು: ಗುಳುಕ್. ಬಾಲರಾಜು ತಂದದ್ದನ್ನು ಅಲ್ಲಾಡಿಸಿದಳು: ಗುಡುಗುಡು.

ಲಿಖಿತಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಒಣಗಿರೋ ಕಾಯಿ!"

"ಹೌದು. ನೀರಿಂಗಿ, ಒಳಗಿನ ಕೊಬ್ಬರಿ ಉಂಡೆ ಕರಟದಿಂದ ಬಿಟ್ಕೊಂಡಿರೋ ಕಾಯಿ. ಅದನ್ನ ಅಲ್ಲಾಡ್ಸಿ ನೀರೈತೆ ಅಂದ್ರೆ ಸುಳ್ಳೇ ಅಲ್ವಾ? ಇದು ಕಾಪಿ. ಕಾಯಿ ಸದ್ದು ಮಾತ್ರ ಆಮೇಲೆ ಸೇರಿಸಿದ್ದು. ಮಾತು ಎಡಗಡೆಯಿಂದ ಬತ್ತದೆ, ಕಾಯಿ ನಡುವಿನಿಂದ. ಅಂದ್ರೆ ಸದ್ದು ಹಿಡಿದದ್ದು ಒಂದೇ ಮೈಕು, ಬಹುಶಃ ಫೋನು. ಸಿದ್ದಾರ್ಥ್‌ಗೆ ಇದೇ ಕಸುಬು, ಇಂಥ ತಪ್ಪು ಮಾಡೋನಲ್ಲ. ಲಿಖಿತಾ ಮಾಡಿದ್ರೆ ಈ ಅಟ್ಟದ ಕಾಯೇ ತಗೊಳ್ತಿದ್ಲು. ಇಲ್ಲಿರೋದೆಲ್ಲಾ ನೀರಿರೋದು. ಒಣಗಿದ್ದು ಮಾತ್ರ ಇರೋ ಜಾಗ, ಜೊತೆಗೆ ಕಾಯಿ ಸದ್ದಿನ ಅಡಿಯಲ್ಲಿ ಗೇರ್ ಬದಲಿಸೋ ಲಾರಿ..."

"ಸಾಕು ಬುಡಿ," ಎಂದ ಮಹಾಂತೇಶ್.

ಅವನು ಚೀಲದಿಂದ ಒಂದು ಬಿಳಿ ಡಿಸ್ಕ್ ತೆಗೆದು ಶಂಭುಲಿಂಗಯ್ಯನವರ ತೊಡೆಯ ಮೇಲಿಟ್ಟ. "ವಾರ ವಾರ ತರ್ತಿದ್ದೆ ಕಣ್ಲಾ ಶಂಭು, ಕೊಡಾಕೆ. ಬಾಯಿ ಬರ್ತಿರ್ಲಿಲ್ಲ. ಒಂದು ಕಾಪಿ ಮಾಡ್ಕೊಂಡು ಅದೇ ವಾರ ಇಟ್ಬುಡೋಣ ಅಂತ ತಗೊಂಡೋದೆ. ಕೈ ಜಾರಿ ಗೋದಾಮಿನ ನೆಲಕ್ಕೆ ಬಿತ್ತು. ಕರಟದ ಚೂರು ಗೀರ್ತು. ಆ ಕಾಯಿ ಜಾಗ ಒಂದು ಓದ್ಲೇ ಇಲ್ಲ. ಅಲ್ಲೇ ಒಂದು ಕಾಯಿ ಅಲ್ಲಾಡ್ಸಿ, ಫೋನಲ್ಲಿ ಹಿಡ್ದು, ಆ ಜಾಗಕ್ಕೆ ತುಂಬ್ಸಿ ಕಾಪಿ ಇಟ್ಬುಟ್ಟೆ."

"ನೀನು ದಲ್ಲಾಳಿ ಅಲ್ವೇನ್ಲಾ?" ಎಂದರು ಶಂಭುಲಿಂಗಯ್ಯ. "ಕಣ್ಣು ಮುಚ್ಚಿ ಕಾಯಿ ಅಳೆಯೋನು! 'ನೀರೈತೆ' ಅನ್ನೋದು ಕೇಳಿಸ್ಲಿಲ್ವಾ?"

"ಅವರು ಮಾತಾಡ್ವಾಗ ನಾನು ಯಾವತ್ತು ಕಾಯಿ ಕೇಳಿದ್ದೀನಿ?" ಎಂದ ಮಹಾಂತೇಶ್, ನೆಲ ನೋಡುತ್ತಾ. "ಏನಂತಾರೆ ಅಂತಾನೂ ಕೇಳ್ತಿರ್ಲಿಲ್ಲ. ದನಿ ಅಷ್ಟೇ."

ಸ್ಪೀಕರ್ ಮಾರಲು ಬಂದಿದ್ದ ಸಿದ್ದಾರ್ಥ್ ಕಿಟಕಿಯ ಕಡೆ ತಿರುಗಿದ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ, ಒಂದೇ ದನಿಗೆ, ಇಬ್ಬರು ಬೇರೆಬೇರೆಯಾಗಿ ಕಾಯುತ್ತ ಕೂತಿದ್ದರು ಎಂದು ಬಾಲರಾಜುವಿಗೆ ಆಗ ಹೊಳೆಯಿತು.

ಶಂಭುಲಿಂಗಯ್ಯ ಎದ್ದು ಗೀರಿದ ಡಿಸ್ಕನ್ನು ಪ್ಲೇಯರ್‌ಗೆ ಹಾಕಿದರು. ಎರಡನೇ ಹಾಡು ಮುಗಿಯುತ್ತ ಬಂತು. ಅವರು ಅಟ್ಟದ ಕಾಯಿ ತೆಗೆದುಕೊಂಡು ಎಡಗಡೆಯ ಖಾಲಿ ಕುರ್ಚಿ ತೋರಿಸಿದರು.

"ಕೂತ್ಕೋ. ಹಿಡ್ಕೋ ಇದ್ನ."

"ನಾನಾ?"

"ಕೆಡ್ಸಿದೋನೇ ತುಂಬ್ಬೇಕು. ಆದ್ರೆ ಈ ಸಲ ಕಾಯಿ ಕೇಳ್ಲಾ, ಕಾಯಿ."

ಹಾಡು ನಿಂತಿತು. ಡಿಸ್ಕ್ ತಡವರಿಸಿ ಬಾಯಿ ಮುಚ್ಚಿತು. ಮಹಾಂತೇಶ್ ಕಾಯಿಯನ್ನು ಎಡಗಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದ.

ಗುಳುಕ್.

"ಇನ್ನೂ ನೀರೈತೆ ಕಣ್ರೀ," ಎಂದಳು ಸರ್ವಮಂಗಳ, ನಗುತ್ತಾ.