ಲೋಟದ ಮೇಲಿನ ರಟ್ಟಿನ ಬಿಲ್ಲೆ

"ಸಾಕು ಅಂತ ಎದ್ದು ಹೋದವನು ಮತ್ಯಾಕೆ ಬಂದೆ?"

ಬಿಯರ್ ಹಜಾರದ ಪರಿಚಾರಕಿ ಲಿಸ್ಬೆತ್‌ಳ ದನಿಗೆ ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಅವಳ ಕೈಯಲ್ಲಿದ್ದ ದುಂಡು ತಟ್ಟೆಯ ಮೇಲೆ ಹನ್ನೊಂದು ಬಿಯರ್ ಲೋಟಗಳಿದ್ದವು. ಕಿಟಕಿ ಪಕ್ಕದ ಅದೇ ಮೇಜು. ಅದೇ ಬೆಂಚು. ಅದೇ ಕಿಲಿಯಾನ್!

ಅದೂ ಇವತ್ತೇ! ಏಪ್ರಿಲ್ ಇಪ್ಪತ್ಮೂರು, ಬಿಯರ್ ದಿನ. ನೀರು, ಬಾರ್ಲಿ, ಹಾಪ್ ಹೂವು ಬಿಟ್ಟು ಬಿಯರಿಗೆ ಇನ್ನೇನನ್ನೂ ಬೆರೆಸಕೂಡದೆಂದು ಹಳೇ ದೊರೆಗಳು ಕಟ್ಟಳೆ ಮಾಡಿದ ದಿನ. ಜರ್ಮನಿಯ ಕಲೋನ್ ಊರಿನವರಿಗೆ ಕುಡಿಯಲು ಇಷ್ಟು ನೆಪ ಸಾಲದೇ?

'ಬಿಯರಿಗೆ ಕಲಬೆರಕೆ ಮಾಡಬಾರದಂತೆ... ಪ್ರೀತಿಗೆ ಮಾಡಬಹುದಾ?' ಲಿಸ್ಬೆತ್ ಅವನನ್ನು ದುರುಗುಟ್ಟಿ ನೋಡಿದಳು.

ಹೋದ ವರ್ಷ ಜನವರಿಯಲ್ಲಿ ಅವನು ಮೊದಲ ಸಲ ಬಂದಿದ್ದ. ದೂರದ ಫ್ರಾಂಕೋನಿಯಾ ಸೀಮೆಯವನು, ಬಿಯರ್ ಮಾಡುವವರ ಮನೆಯ ಹುಡುಗ. ಇಲ್ಲಿನ ಕಸುಬು ಕಲಿಯಲು ಮೂರು ತಿಂಗಳಿಗೆಂದು ಬಂದವನು, ಇವಳು ತಂದಿಟ್ಟ ಪುಟ್ಟ ಲೋಟ ನೋಡಿ ನಕ್ಕುಬಿಟ್ಟ.

"ಏನ್ರೀ ಇದು, ಕೆಮ್ಮಿನ ಔಷಧೀನಾ?"

"ಹೌದು, ಬಾಯಿ ಜಾಸ್ತಿ ಇರೋರಿಗೆ. ದಿನಕ್ಕೆ ಎರಡೇ!"

ಪುಣ್ಯಾತ್ಮ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ದಿನಾ ಬಂದ, ಎರಡೇ ಲೋಟ ಕುಡಿದ, ಉಳಿದ ಹೊತ್ತೆಲ್ಲ ಇವಳನ್ನೇ ನೋಡಿದ. ಇನ್ನೇನು ಬೇಕು ಹೇಳಿ? ಹುಡುಗಿ ಮನಸ್ಸು ಕೊಟ್ಟೇಬಿಟ್ಟಳು.

"ನಿಮ್ಮೂರಿಗೆ ವಾಪಸ್ ಹೋಗ್ತೀಯಾ, ನನ್ನ ಜೊತೆ ಇರ್ತೀಯಾ? ಬಿಯರ್ ದಿನದಂದು ಹೇಳು," ಎಂದಿದ್ದಳು.

ಆ ದಿನ ಬಂತು. ಅವನೂ ಬಂದ. ಹೊಸ ಪೀಪಾಯಿ ತರಲೆಂದು ಲಿಸ್ಬೆತ್ ನೆಲಮಾಳಿಗೆಗೆ ಇಳಿದು, ಅವಸರದಲ್ಲಿ ಮೇಲೆ ಬಂದು ನೋಡಿದರೆ... ಬೆಂಚು ಖಾಲಿ. ಅರ್ಧ ಕುಡಿದ ಲೋಟ. ಲೋಟದಡಿ ಇಡುವ ರಟ್ಟಿನ ಬಿಲ್ಲೆ ಅದರ ಬಾಯಿಗೆ ಮುಚ್ಚಿತ್ತು.

ಕಲೋನ್‌ನಲ್ಲಿ ಲೋಟ ಖಾಲಿಯಾದರೆ ಕೇಳದೆಯೇ ಇನ್ನೊಂದು ಬರುತ್ತದೆ. ನಿಲ್ಲಬೇಕೆಂದರೆ ಲೋಟದ ಮೇಲೆ ಬಿಲ್ಲೆ ಇಡಬೇಕು. ಇಟ್ಟರೆ, ಸಾಕು ಎಂದರ್ಥ. ಇನ್ನು ಬೇಡ ಎಂದರ್ಥ.

'ಬೇಡ ಅನ್ನೋಕೆ ಬಾಯಿ ಇರಲಿಲ್ವಾ ನಿಂಗೆ? ನನ್ನ ಪ್ರೀತಿಗೆ ಒಂದು ರಟ್ಟಿನ ಚೂರು ಸಾಕಾಯ್ತಾ?'

ಆ ಗಳಿಗೆಯೇ ಅವನ ನಂಬರ್ ಬ್ಲಾಕ್ ಮಾಡಿದಳು. ಬಂದ ಎರಡು ಕಾಗದಗಳನ್ನೂ ಒಡೆಯದೆ ವಾಪಸ್ ಕಳಿಸಿದಳು. ವರ್ಷವಿಡೀ ಗಿರಾಕಿಗಳ ಮುಂದೆ ನಗುತ್ತಾ, ಹಾಸಿಗೆಗೆ ಬಿದ್ದೊಡನೆ ಅಳುತ್ತಾ ದಿನ ತಳ್ಳಿದಳು.

ಈಗ ನೋಡಿದರೆ, ಅವನ ಮುಖದಲ್ಲೇ ಸಿಟ್ಟು!

"ನಾನು ಸಾಕು ಅಂದೆ ಅಂತ ಯಾರು ಹೇಳಿದ್ದು?"

"ನಿನ್ನ ಲೋಟ ಹೇಳ್ತು!"

"ಅಯ್ಯೋ ಲಿಸ್ಬೆತ್... ಅಪ್ಪನಿಗೆ ಹಾರ್ಟ್ ಅಟ್ಯಾಕ್ ಅಂತ ಫೋನ್ ಬಂತು. ನೀನು ಕೆಳಗಿದ್ದೆ, ರೈಲಿಗೆ ಹತ್ತೇ ನಿಮಿಷ ಇತ್ತು. ನಮ್ಮೂರಲ್ಲಿ ಲೋಟಕ್ಕೆ ಬಿಲ್ಲೆ ಮುಚ್ಚಿದ್ರೆ ಏನರ್ಥ ಗೊತ್ತಾ? ಎದ್ದು ಹೋಗಿದೀನಿ, ಬಂದೇ ಬರ್ತೀನಿ, ನನ್ನ ಜಾಗ ಯಾರಿಗೂ ಕೊಡಬೇಡಿ ಅಂತ!"

ಲಿಸ್ಬೆತ್ ತಟ್ಟೆಯನ್ನು ಹೇಗೋ ಮೇಜಿನ ಮೇಲಿಟ್ಟಳು.

"ಹೋದ ವಾರ ನಿಮ್ಮೂರಿನ ಮುದುಕರೊಬ್ಬರು ನಮ್ಮಲ್ಲಿಗೆ ಬಂದಿದ್ರು. ಲೋಟಕ್ಕೆ ಬಿಲ್ಲೆ ಮುಚ್ಚಿ ಸುಮ್ನೆ ಕೂತ್ರು. ಯಾಕಜ್ಜ ಅಂದ್ರೆ, ಸಾಕಪ್ಪಾ ಅಂದ್ರು. ಆಗ ಹೊಳೀತು ನಂಗೆ. ಅಲ್ಲೀವರ್ಗೂ ನೀನೇ ಮೋಸ ಮಾಡಿದೆ ಅನ್ಕೊಂಡಿದ್ದೆ. ರೈಲಿಂದ ಹತ್ತು ಸಲ ಫೋನ್ ಮಾಡ್ದೆ ಕಣೇ! ಆಸ್ಪತ್ರೇಲಿ ಕೂತು ಬರೆದ ಕಾಗದಾನೂ ಓದ್ಲಿಲ್ವಲ್ಲ ನೀನು!"

ಅವನ ಕಣ್ಣು ತುಂಬಿತ್ತು. ಇಷ್ಟು ದಿನ ತನಗಷ್ಟೇ ಮೋಸವಾಯಿತೆಂದು ಅತ್ತವಳಿಗೆ ಈಗ ಮುಖವೆತ್ತಲೂ ನಾಚಿಕೆಯಾಯಿತು.

"ಲಿಸ್ಬೆತ್!" ಹಿರಿಯ ಪರಿಚಾರಕ ಪಿಟ್ಟರ್ ಪೀಪಾಯಿಯ ಬಳಿಯಿಂದಲೇ ಕೂಗಿದ. "ಜನ ಬಾಯಿ ಒಣಗಿಸ್ಕೊಂಡು ಕೂತಿದಾರೆ! ಅಳೋದಿದ್ರೆ ಬೇಗ ಅತ್ತು ಬಾ!"

"ನೀವೇ ಕೊಡಿ ಪಿಟ್ಟರ್ ಮಾಮ, ನಂಗೆ ಆಗಲ್ಲ!" ಎಂದು ಅವಳು ಬೆಂಚಿನ ಮೇಲೆ ಕುಸಿದಳು. "ಕಿಲಿಯಾನ್... ಆವತ್ತು ಏನು ಹೇಳೋನಿದ್ದೆ?"

"ನಿನ್ನ ಜೊತೆ ಇಲ್ಲೇ ಇರ್ತೀನಿ ಅಂತ."

"ಈಗ?"

"ಅಪ್ಪ ಎದ್ದು ಓಡಾಡ್ತಿದಾರೆ. ಬಿಯರ್ ಕೆಲಸ ತಂಗಿ ನೋಡ್ಕೋತಾಳೆ, ನನಗಿಂತ ಚೆನ್ನಾಗಿ. ಈಗ್ಲೂ ನನ್ನ ಮಾತು ಅದೇ. ಆದ್ರೆ ಇನ್ನೊಂದ್ಸಲ ನನ್ನ ಒಂದು ಮಾತೂ ಕೇಳದೆ ಬಾಗಿಲು ಹಾಕ್ಬೇಡ ಲಿಸ್ಬೆತ್. ತಡ್ಕೊಳೋ ಶಕ್ತಿ ಇಲ್ಲ ನಂಗೆ."

"ಹಾಕಲ್ಲ... ತಪ್ಪಾಯ್ತು ಕಣೋ. ನೀನೂ ಹೇಳದೆ ಹೋಗ್ಬೇಡ. ಏನಿದ್ರೂ ಬಾಯಿ ಬಿಟ್ಟು ಹೇಳು."

"ಪ್ರೀತಿಸ್ತೀನಿ ಕಣೇ."

"ಏನು? ಇಲ್ಲಿ ಗಲಾಟೆ, ಜೋರಾಗಿ ಹೇಳು."

"ನಿನ್ನ ಪ್ರೀತಿಸ್ತೀನಿ ಅಂದೆ!"

ಇಡೀ ಹಜಾರ ಅವರತ್ತ ತಿರುಗಿತು. ಕಿಲಿಯಾನ್ ಕಿವಿಯವರೆಗೂ ಕೆಂಪಾದ.

"ಈಗ ಕೇಳಿಸ್ತಾ?"

ಲಿಸ್ಬೆತ್ ಅವನ ಹೆಗಲಿಗೆ ಮುಖ ಒತ್ತಿ ಬಿಕ್ಕಿದಳು.

"ಮೊದಲನೇ ಸಲಾನೇ ಕೇಳಿಸ್ತು ಕಣೋ..."