ಝಳಕಿಯ ಚಿಗರಿ ಕಾರು

ಬೆಳಗ್ಗೆ ಕಾರ್ಖಾನೆಯ ಬಾಗಿಲು ತೆರೆದಾಗ ‘ಚಿಗರಿ’ ಇರಲಿಲ್ಲ!

ಝಳಕಿಯ ಗುರಲಿಂಗಪ್ಪನವರು ಕಟ್ಟಿದ ಮೊಟ್ಟಮೊದಲ ಸ್ಪೋರ್ಟ್ಸ್ ಕಾರು ಅದು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ಹೆದ್ದಾರಿಯಲ್ಲಿ ಹೆಸರಿಗೆ ತಕ್ಕ ಅದರ ಜಿಂಕೆಯ ಓಟ ನೋಡುತ್ತ ಬೆಳೆದವನು ನಾನು, ಹವಾಲ್ದಾರ ಧೂಳಪ್ಪ. ಸುದ್ದಿ ಕೇಳಿದ್ದೇ ಕಾರ್ಖಾನೆಗೆ ಓಡಿದೆ.

ತನಿಖೆಗೆ ಬಂದವರು ನಮ್ಮ ಎಸ್‌ಐ ಶಾಹಿಸ್ತಾ ಮೇಡಂ. ನಾಲತವಾಡದ ದನದ ವ್ಯಾಪಾರಿಯ ಮಗಳು.

“ಕಳ್ಳ ಗೊತ್ತೇ ಐತ್ರಿ,” ಎಂದ ಮ್ಯಾನೇಜರ್ ಅಮಿತ, ಗುರಲಿಂಗಪ್ಪನವರ ತಮ್ಮನ ಮಗ. “ಮೋದಿನಸಾಬ! ಬಾಗಿಲ ಚಾವಿ ಅವನ ಹತ್ರಾನೂ ಐತಿ. ನಾಳೆ ಪುಣೆಯವ್ರು ಕಂಪನಿ ತಗೊಳ್ಳಾಕ ಬರಾಕತ್ತಾರ. ‘ಚಿಗರಿ ಅವರ ಕೈಗೆ ಕೊಡಾಂಗಿಲ್ಲ’ ಅಂತ ನಿನ್ನೆ ಎಲ್ಲಾರ ಮುಂದ ಒದರ್ಯಾನ. ಒಳಗ ಹಾಕ್ರಿ!”

ಮೋದಿನಸಾಬ ತಗಡು ಬಡಿದು ಚಿಗರಿಗೆ ಮೈ ಕೊಟ್ಟವನು. ಅಮಿತ ಬಂದ ಮೇಲೆ ತಗಡು ಹೋಗಿ ಅಗ್ಗದ ಫೈಬರ್ ಬಂತು, ಗಾಜಿನ ಶೋರೂಮ್ ಬಂತು. ಸಿಂದಗಿ ರಸ್ತೆಗಿಳಿದ ಹೊಸ ಕಾರುಗಳು ಗಡಗಡ ಎಂದವು, ಗಿರಾಕಿಗಳು ಕಾಲ್ತೆಗೆದರು. ಚಿನ್ನದಂಥ ಕಂಪನಿಗೆ ಎಳ್ಳುನೀರು ಬಿಟ್ಟವನೇ ಬೇರೆಯವರತ್ತ ಬೆರಳು ತೋರಿಸಿದರೆ ಮೈ ಉರಿಯದೆ ಇದ್ದೀತೆ?

“ನೀ ತಗೊಂಡಿಯೇನು?” ಮೇಡಂ ಬಾಗಿಲ ಬಳಿ ನಿಂತಿದ್ದ ಮೋದಿನಸಾಬನನ್ನು ಕೇಳಿದರು.

“ನನ್ನ ಕೂಸು ನಾನ ಕದೀತೇನೇನ್ರಿ?” ಮೋದಿನಸಾಬನ ಕಣ್ಣು ತುಂಬಿದವು.

ಮೇಡಂ ಖಾಲಿ ಜಾಗಕ್ಕೆ ಒಂದು ಸುತ್ತು ಹಾಕಿದರು. ಕಾರಿಗೆ ಹೊದಿಸುತ್ತಿದ್ದ ತಾಡಪತ್ರಿ ಇಲ್ಲ, ಸ್ಟೆಪ್ನಿಯೂ ಇಲ್ಲ. ಗೋಡೆಯ ಗೂಟಕ್ಕೆ ಮಾತ್ರ ಒಂದು ಹಗ್ಗ — ಬಿಚ್ಚಿ, ಸುತ್ತಿ, ತೂಗುಹಾಕಿದ್ದು.

“ಇದ್ಯಾಕ?”

“ಹ್ಯಾಂಡ್‌ಬ್ರೇಕ್ ಹಿಡೀತಿದ್ದಿಲ್ರಿ. ದೊಡ್ಡಪ್ಪ ಎತ್ತಿನಂಗ ಕಂಬಕ್ಕ ಕಟ್ತಿದ್ರು,” ಅಮಿತ ನಕ್ಕ. “ಕಳ್ಳ ಮರ್ತಾನ, ಬಿಡ್ರಿ.”

“ಮರ್ತಾನೋ? ಬೇಕಂತ ಇಟ್ಟಾನೋ?”

ಮೇಡಂ ಮೂಲೆಯ ಸ್ಟೂಲಿನ ಮೇಲೆ ಚಹಾದ ಲೋಟ ಹಿಡಿದು ಕುಳಿತಿದ್ದ ಗುರಲಿಂಗಪ್ಪನವರತ್ತ ತಿರುಗಿದರು.

“ಯಜಮಾನ್ರ, ಚಿಗರಿ ಯಾರಿಗೆ ಮಾರಿದ್ರಿ?”

ಮುದುಕರು ಲೋಟ ಕೆಳಗಿಟ್ಟರು. “ಹೆಂಗ ಗೊತ್ತಾತವಾ?”

“ಹ್ಯಾಂಡ್‌ಬ್ರೇಕ್ ಹಿಡಿಯದ ಕಾರು ಒಯ್ದು ಎಲ್ಲಿ ನಿಲ್ಲಸಬೇಕಂದ್ರೂ ಮೊದಲ ಬೇಕಾಗೂದು ಹಗ್ಗ. ಸ್ಟೆಪ್ನಿ ಸೈತ ಬಿಡದ ಕಳ್ಳ ಅದನ್ನ ಬಿಡ್ತಾನೇನು? ನಮ್ಮ ಕಡೆ ಎತ್ತು ಮಾರಿದವ್ರು ಎತ್ತು ಕೊಡ್ತಾರ, ಹಗ್ಗ ಕೊಡಾಂಗಿಲ್ಲ. ಹಗ್ಗದ ಜೋಡಿ ಮನಿ ಲಕ್ಷ್ಮಿ ಹೋಗ್ತಾಳ ಅಂತ ಅಂಜಿಕಿ. ಕದ್ದವಗ ಆ ಅಂಜಿಕಿ ಎಲ್ಲಿದು? ಅದು ಮಾರಿದ ಧಣಿಗಷ್ಟ.”

“ಅದು ಕಂಪನಿ ಕಾರು!” ಅಮಿತ ಚೀರಿದ.

“ಅಲ್ಲೋ. ಕಂಪನಿಗಿಂತ ಮೊದಲ ಕಟ್ಟಿದ್ದು, ನನ್ನ ಹೆಸರಿನ್ಯಾಗ ಐತಿ,” ಗುರಲಿಂಗಪ್ಪ ಎದ್ದು ನಿಂತರು. “ಚಡಚಣದ ದ್ರಾಕ್ಷಿ ತ್ವಾಟದ ಸಿಕಂದರಗ ಕೊಟ್ಟೆ. ಬದಲಿಗೆ ಅವನ ಒಣದ್ರಾಕ್ಷಿ ಶೆಡ್ ತಗೊಂಡೆ. ಈ ಕಂಪನಿ ಪುಣೆಯವ್ರಿಗೆ ಹೋಗ್ಲಿ. ನಾನೂ ಮೋದಿನನೂ ಅಲ್ಲಿ ಮತ್ತ ತಗಡು ಬಡೀತೇವಿ.”

“ನನಗೊಂದು ಮಾತು ಹೇಳಬಾರದಿತ್ತೇನ್ರಿ ಧಣಿ?” ಮೋದಿನಸಾಬ ಸಿಟ್ಟಿನಿಂದ ಧಣಿಯ ಮುಂದೆ ಬಂದು ನಿಂತ. “ಎಲ್ಲಾರ ಮುಂದ ಕಳ್ಳ ಅನಿಸ್ಕೊಂಡೆ.”

“ಹೇಳಿದ್ರ ನೀ ಮಾರಾಕ ಬಿಡ್ತಿದ್ದೇನು? ಈಗ ಹೇಳಬೇಕಂದ್ರ ಬಾಯಿ ಬರಲಿಲ್ಲ. ತಪ್ಪಾತೋ ತಮ್ಮಾ.”

ಮೋದಿನಸಾಬ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ಆಮೇಲೆ ಇನ್ನೂ ಸಿಟ್ಟಿನಲ್ಲೇ ಕೇಳಿದ:

“ಶೆಡ್ಡಿನ್ಯಾಗ ಕರೆಂಟ್ ಐತೇನ್ರಿ?”